ಮರಿ ಯಜಮಾನಿಯ ಶಿಫಾರಸು ಪತ್ರ

ಕನ್ನಡಕದಂಗಡಿಗೆ ಹೋಗಿ ಕಣ್ಣು ತೋರಿಸಿ, ಫ್ರೇಮು ಆರಿಸಿ, "ಮೂರು ದಿನ ಬಿಟ್ಟು ಬನ್ನಿ" ಎಂದಾಗ ಹೂಂಗುಟ್ಟಿ ಮನೆಗೆ ಬರುತ್ತೇವಲ್ಲ, ಆ ಮೂರು ದಿನ ನಮ್ಮ ಗಾಜು ಎಲ್ಲಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಿ ಆಗಬೇಕಾದ್ದೂ ಏನಿಲ್ಲ ಬಿಡಿ. ಅದು ಯಾವುದೋ ಬೀದಿಯ ಎರಡನೇ ಮಹಡಿಯಲ್ಲಿ, ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ, ಚೀಟಿ ಅಂಟಿಸಿಕೊಂಡು ತನ್ನ ಸರದಿ ಕಾಯುತ್ತ ಕೂತಿರುತ್ತದೆ. ಈ ಕತೆ ನಡೆದದ್ದು ಅಂಥ ಒಂದು ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಒಂದು ಉದ್ದನೆಯ ಕೋಣೆ, ಗಾಜು ಉಜ್ಜುವ ಮೂರು ಯಂತ್ರ, ಅವುಗಳಡಿ ಹರಿಯುವ ಬೆಳ್ಳನೆ ನೀರು, ಎಷ್ಟು ಒರೆಸಿದರೂ ಮಸುಕಾಗಿಯೇ ಇರುವ ಕಿಟಕಿ, ಗೋಡೆಗೊಂದು ಫೋನು. ಕೆಲಸಕ್ಕೆ ನಾಲ್ಕು ಜನ.

ಯಜಮಾನಿಗೆ ಅರವತ್ತೆರಡು. ಸಣ್ಣ ಆಳು, ದೊಡ್ಡ ಗಂಟಲು. ಯಂತ್ರದ ಮುಂದಿನವನು ಮೀಸೆ ಮಾಮ. ಇಪ್ಪತ್ತು ವರ್ಷದ ಹಿಂದೆಯೇ ಮೀಸೆ ಬೋಳಿಸಿದ್ದ, ಹೆಸರು ಮಾತ್ರ ಹೋಗಲಿಲ್ಲ. ಗಾಜನ್ನು ಫ್ರೇಮಿಗೆ ಕೂರಿಸುವವಳು ಫ್ರೇಮಮ್ಮ, ಬಾಯಿಗೆ ಬಿಡುವೇ ಇಲ್ಲದವಳು. ಇನ್ನು ನಾಲ್ಕನೆಯವಳೇ ನಮ್ಮ ಮರಿ ಯಜಮಾನಿ. ಅಂಗಡಿಯವರು ಇಟ್ಟ ಹೆಸರು ಅದು. ಯಜಮಾನಿಯ ಅಕ್ಕನ ಮಗಳು. ಒಂಬತ್ತು ವರ್ಷಕ್ಕೆ ತಾಯಿ ತೀರಿಕೊಂಡಾಗ ಚಿಕ್ಕಮ್ಮ ಬಂದು, "ನಡಿ, ಬಟ್ಟೆ ಎತ್ಕೊ" ಎಂದಷ್ಟೇ ಹೇಳಿ ಕರೆದುಕೊಂಡು ಬಂದಿದ್ದಳು. ಚಿಕ್ಕಮ್ಮನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಕಾಲೇಜು ಮುಗಿದ ಮಾರನೇ ದಿನವೇ ಹುಡುಗಿ ಆರ್ಡರ್ ಮೇಜಿನ ಹಿಂದೆ ಕೂತಳು. ಈಗ ಅವಳಿಗೆ ಮೂವತ್ತೆರಡು. ಹನ್ನೊಂದು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ.

ಆ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಗಾಜು ಉಜ್ಜಿದವರು ಅದನ್ನು ಪರೀಕ್ಷಿಸುವ ಹಾಗಿಲ್ಲ. ಪ್ರತಿ ಚೀಟಿಯ ಮೇಲೂ ಎರಡು ಚೌಕ: ಮಾಡಿದವರ ಗುರುತು ಒಂದರಲ್ಲಿ, ನೋಡಿದವರ ಗುರುತು ಇನ್ನೊಂದರಲ್ಲಿ. ಎರಡರಲ್ಲೂ ಒಂದೇ ಗುರುತಿದ್ದರೆ ಗಾಜು ಎಷ್ಟೇ ಸರಿಯಿರಲಿ, ತಟ್ಟೆ ವಾಪಸ್ಸು. "ತಾನು ಮಾಡಿದ್ದು ತನ್ನ ಕಣ್ಣಿಗೆ ಚೆನ್ನಾಗೇ ಕಾಣ್ಸುತ್ತೆ" ಎನ್ನುತ್ತಿದ್ದಳು ಯಜಮಾನಿ. ಬರೀ ಬಾಯಿಮಾತಲ್ಲ. ಒಮ್ಮೆ ಅವಳೇ ಉಜ್ಜಿದ ಗಾಜನ್ನು ಮೀಸೆ ಮಾಮ ನಂಬರು ಅಳೆಯುವ ಯಂತ್ರದಡಿ ಇಟ್ಟು ನೋಡಿ, ತಲೆಯಲ್ಲಾಡಿಸಿ ಪಕ್ಕಕ್ಕಿಟ್ಟ. ಯಜಮಾನಿ ಕಮಕ್ ಕಿಮಕ್ ಎನ್ನದೆ ಇನ್ನೊಂದು ಗಾಜು ತೆಗೆದುಕೊಂಡಳು.

ಇನ್ನೊಂದು ಸಂಗತಿ ಹೇಳಿಬಿಡಬೇಕು. ಫೋನಿನಲ್ಲಿ ಚಿಕ್ಕಮ್ಮನ ಗಂಟಲೂ ಹುಡುಗಿಯ ಗಂಟಲೂ ಒಂದೇ. ಅಂಗಡಿಯವರು ಹನ್ನೊಂದು ವರ್ಷದಿಂದ ಮೋಸಹೋಗುತ್ತಲೇ ಇದ್ದರು. ಒಬ್ಬನಂತೂ, "ನೋಡಿ ಯಜಮಾನಿ, ನಿಮ್ಮ ಆ ಹುಡುಗಿಗೆ ಸ್ವಲ್ಪ ಜಂಬ ಜಾಸ್ತಿ, ಹದ್ದುಬಸ್ತಿನಲ್ಲಿಡಿ" ಎಂದು ಆ ಹುಡುಗಿಗೇ ದೂರು ಹೇಳಿದ್ದ. ಅವಳು ನಗು ತಡೆದುಕೊಂಡು, "ಆಯ್ತಪ್ಪ, ನಾಲ್ಕು ಬಾರಿಸ್ತೀನಿ" ಎಂದು ಫೋನಿಟ್ಟಿದ್ದಳು. ಆ ವಾರವೆಲ್ಲ ಕೋಣೆ ನಕ್ಕಿದ್ದೇ ನಕ್ಕಿದ್ದು. ರವಾನೆ ಚೀಟಿಗಳಿಗೆ ಚಿಕ್ಕಮ್ಮನ ಸಹಿಯನ್ನೂ ಅವಳೇ ಹಾಕುತ್ತಿದ್ದಳು, ಚಿಕ್ಕಮ್ಮನ ಒಪ್ಪಿಗೆಯಿಂದಲೇ. ದಿನಕ್ಕೆ ನಲವತ್ತು ಸಲ ಹಾಕಿ ಹಾಕಿ ಆ ಸಹಿ ಅವಳ ಕೈಗೆ ತನ್ನದಕ್ಕಿಂತ ಸಲೀಸಾಗಿತ್ತು.

ಎರಡು ವರ್ಷದ ಹಿಂದೆ ದೊಡ್ಡ ಕಂಪನಿಯೊಂದು ಬೀದಿ ಬೀದಿಗೆ ಕನ್ನಡಕದಂಗಡಿ ತೆರೆಯಿತು. ಅವರ ಗಾಜೆಲ್ಲ ಅವರ ಕಾರ್ಖಾನೆಯಲ್ಲೇ ಆಗುತ್ತದೆ. ಇವರ ಕಪಾಟಿನಲ್ಲಿ ತಟ್ಟೆಗಳು ಅರ್ಧಕ್ಕರ್ಧ ಖಾಲಿಯಾದವು. ಮರಿ ಯಜಮಾನಿ ಚೀಲ ಹೆಗಲಿಗೇರಿಸಿ ಕಣ್ಣಿನ ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಇಳಿದು, ಬಯ್ಯಿಸಿಕೊಂಡು, ಮತ್ತೆ ಹತ್ತಿ, ಹೊಸ ಆರ್ಡರು ತಂದಳು. ಹೇಗೋ ಉಸಿರಾಡುವಂತಾಯಿತು. ಆದರೆ ಅವಳ ತಲೆಗೊಂದು ಹುಳ ಹೊಕ್ಕಿತು. ಆ ಕಂಪನಿಯವರಿಗೆ ಗೊತ್ತಿರುವುದೇನು, ತನಗೆ ಗೊತ್ತಿಲ್ಲದಿರುವುದೇನು? ಎಂಬಿಎ ಮಾಡಬೇಕು ಎಂಬ ಮಾತು ಅಲ್ಲಿಂದ ಹುಟ್ಟಿದ್ದು.

ಚಿಕ್ಕಮ್ಮ ಬೇಡ ಎನ್ನಲಿಲ್ಲ. ಎರಡು ಬಸ್ ಸ್ಟಾಪಿನಾಚೆ, ಸೋಫಾ ಮಾರುವ ಅಂಗಡಿಯ ಮೇಲೊಂದು ಸಂಜೆ ಕಾಲೇಜು. ಆರರಿಂದ ಒಂಬತ್ತು. "ಭೇಷ್! ಕೆಲಸಾನೂ ಬಿಡೋ ಹಾಗಿಲ್ಲ, ಊರೂ ಬಿಡೋ ಹಾಗಿಲ್ಲ" ಎಂದು ಚಿಕ್ಕಮ್ಮನೇ ಅರ್ಜಿ ತಂದುಕೊಟ್ಟಳು. ಮರಿ ಯಜಮಾನಿ ಒಂದು ಸಂಜೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದಳು. ಪಾಠ ಮಾಡುವವರು ಹಗಲೆಲ್ಲ ವಿಮಾ ಕಚೇರಿಯಲ್ಲಿ ದುಡಿದು ಬಂದವರು, ಪರದೆಯ ಮೇಲಿದ್ದದ್ದನ್ನು ಓದಿದರು. ಕೇಳುವವರೂ ಹಗಲೆಲ್ಲ ದುಡಿದು ಬಂದವರು, ಬರೆದುಕೊಂಡರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಅವರನ್ನು ತಪ್ಪೆನ್ನುವುದಕ್ಕೂ ಅವಳಿಗೆ ಮನಸ್ಸು ಬರಲಿಲ್ಲ, ಪಾಪ, ಸುಸ್ತಾಗಿದ್ದರು.

ಅವಳು ಗುಟ್ಟಾಗಿ ಇನ್ನೊಂದು ಕಡೆಗೂ ಅರ್ಜಿ ಹಾಕಿದಳು. ದೂರದ ನಗರ, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ. ಎರಡು ವರ್ಷ ಅಲ್ಲೇ ಇರಬೇಕು. ಸಂದರ್ಶನ ಫೋನಿನ ಪರದೆಯಲ್ಲಿ. "ಹಲ್ಲಿನ ಡಾಕ್ಟರ ಹತ್ರ ಹೋಗ್ಬರ್ತೀನಿ" ಎಂದು ಸುಳ್ಳು ಹೇಳಿ ಗೆಳತಿಯ ಮನೆಯಲ್ಲಿ ಕೂತಳು. ಬಿಳಿ ಕೂದಲಿನ ಪ್ರೊಫೆಸರೊಬ್ಬರು, "ಕನ್ನಡಕ ಹಾಕ್ಕೊಂಡೋರಿಗೆ ನಿಮ್ಮ ಹೆಸರೇ ಗೊತ್ತಿಲ್ಲವಲ್ಲ, ಯಾಕೆ?" ಎಂದು ಕೇಳಿದರು. ಇವಳು ಉತ್ತರ ಕೊಟ್ಟಳು. ಅವರು ಒಪ್ಪಲಿಲ್ಲ. ಇವಳು ಬಿಡಲಿಲ್ಲ. ಹದಿನೈದು ನಿಮಿಷದ ಸಂದರ್ಶನ ಮುಕ್ಕಾಲು ಗಂಟೆಯ ಜಗಳವಾಯಿತು. ತನ್ನ ಜೊತೆ ಯಾರಾದರೂ ಹೀಗೆ ಜಗಳವಾಡಿ ಎಷ್ಟು ವರ್ಷವಾಗಿತ್ತು! ಮೆಟ್ಟಿಲಿಳಿಯುವಾಗ ಅವಳಿಗೆ ಕುಣಿಯಬೇಕೆನ್ನಿಸಿತು. ಮನೆಗೆ ಬಂದರೆ ಚಿಕ್ಕಮ್ಮ ಉಪ್ಪುನೀರು ಕಾಯಿಸಿಟ್ಟು ಕಾಯುತ್ತಿದ್ದಳು. ಇಲ್ಲದ ಹಲ್ಲುನೋವಿಗೆ ಎರಡು ದಿನ ಮುಕ್ಕಳಿಸಬೇಕಾಯಿತು.

ಆ ಕಾಲೇಜು ಕೆಲಸದ ಜಾಗದ ಯಜಮಾನರಿಂದ ಒಂದು ಶಿಫಾರಸು ಪತ್ರ ಕೇಳಿತು. ಎಡವಟ್ಟಾದದ್ದೇ ಇಲ್ಲಿ. ಚಿಕ್ಕಮ್ಮನನ್ನೇ ಕೇಳಬಹುದಿತ್ತು. ಆದರೆ ಎದುರುಮನೆಯ ಹುಡುಗಿ ಓದಲು ದೂರ ಹೋದಾಗ ಚಿಕ್ಕಮ್ಮ, "ಇನ್ನು ಅವಳು ಬರೋದು ಮದುವೆ ಫೋಟೋಲಿ ಮಾತ್ರ" ಎಂದು ಮೂಗು ಮುರಿದದ್ದು ಇವಳಿಗೆ ನೆನಪಿತ್ತು. ಒಂದು ಮಧ್ಯಾಹ್ನ ಕಾರ್ಖಾನೆಯ ಹೆಸರಿನ ಹಾಳೆ ತೆಗೆದು ನಾಲ್ಕು ಸಾಲು ಬರೆದಳು. ಈಕೆ ನಂಬಿಕಸ್ಥೆ. ಹೊತ್ತಿಗೆ ಸರಿಯಾಗಿ ಬರುತ್ತಾಳೆ. ಕೆಲಸ ಅಚ್ಚುಕಟ್ಟು. ಮುಂದೆ ಓದಲು ಯೋಗ್ಯಳು. ಮುದ್ರೆ ಒತ್ತಿದಳು. ಸಹಿ ತನ್ನಷ್ಟಕ್ಕೆ ಬಂದುಬಿಟ್ಟಿತು, ನಲವತ್ತರ ಮೇಲೆ ಇನ್ನೊಂದು. ಹೊಡೆದುಹಾಕೋಣವೇ ಎಂದು ಒಂದು ಗಳಿಗೆ ಪೆನ್ನು ಹಿಡಿದು ಕೂತು, ಕೊನೆಗೆ ಮಡಚಿ ಲಕೋಟೆಗೆ ಹಾಕಿದಳು.

ಸೋಮವಾರ ಉತ್ತರ ಬಂತು. ಸೀಟು ಸಿಕ್ಕಿದ ಹಾಗೆಯೇ. ಪತ್ರ ಬರೆದವರ ಜೊತೆ ಒಂದು ಮಾತಾಡುವುದಷ್ಟೇ ಬಾಕಿ. ಗುರುವಾರ ಹತ್ತರಿಂದ ಹನ್ನೆರಡರೊಳಗೆ ಕೆಲಸದ ಜಾಗದ ಫೋನಿಗೇ ಕರೆ ಮಾಡುತ್ತೇವೆ. ಸಂಜೆ ಕಾಲೇಜಿನಲ್ಲಿ ಸೀಟು ಗಟ್ಟಿಮಾಡಿಕೊಳ್ಳಲು ಕೊನೆಯ ಗಡುವೂ ಅದೇ ಗುರುವಾರ, ಐದು ಗಂಟೆ.

ಗುರುವಾರ ಚಿಕ್ಕಮ್ಮ ಅಂಗಡಿಗಳನ್ನು ಸುತ್ತುವ ದಿನ. ಹತ್ತಕ್ಕೆ ಹೊರಟರೆ ಬರುವುದು ಮಧ್ಯಾಹ್ನ. ದೇವರೇ ವ್ಯವಸ್ಥೆ ಮಾಡಿದ ಹಾಗಿದೆ ಎಂದುಕೊಂಡಳು ಮರಿ ಯಜಮಾನಿ. ಫೋನು ಬಂದರೆ ತಾನೇ ಎತ್ತುವುದು, "ನಾನೇ ಮಾತಾಡ್ತಿರೋದು" ಎನ್ನುವುದು, ಎರಡು ನಿಮಿಷದಲ್ಲಿ ಮುಗಿಸುವುದು. ಹನ್ನೊಂದು ವರ್ಷ ಆಡಿದ ಆಟವೇ ತಾನೇ. ಚಿಕ್ಕಮ್ಮನಿಗೆ ಆಮೇಲೆ ನಿಧಾನವಾಗಿ ಹೇಳಿದರಾಯಿತು.

ಗುರುವಾರ ಬೆಳಿಗ್ಗೆ ಚಿಕ್ಕಮ್ಮ ಒಳಗೆ ಬಂದವಳೇ ಚೀಲ ಕೆಳಗಿಟ್ಟು ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಇವತ್ತು ಹೋಗಲ್ಲ. ಮಂಡಿ ಹಿಡ್ಕೊಂಡಿದೆ."

ಮರಿ ಯಜಮಾನಿ ಪೆನ್ನು ಕೆಳಗಿಟ್ಟಳು. "ಆಟೋದಲ್ಲಿ ಹೋಗ್ಬಾ ಚಿಕ್ಕಮ್ಮ. ಕಾಯ್ತಿರ್ತಾರೆ."

"ಕಾಯ್ಲಿ ಬಿಡೆ. ಓಡಿಹೋಗ್ತಾರಾ ಅಂಗಡಿ ಹೊತ್ಕೊಂಡು?"

"ಮನೆಗಾದ್ರೂ ಹೋಗಿ ಮಲಗು."

"ಏನೇ ಇದು, ಬೆಳಿಗ್ಗೆ ಬೆಳಿಗ್ಗೆ ಓಡಿಸ್ತೀಯಲ್ಲ ನನ್ನ! ಇಲ್ಲಿ ಕೂತ್ರೆ ನಿನಗೇನು ಭಾರ?"

"ಅವಳಿಗೆ ಯಾರೋ ಫೋನ್ ಮಾಡೋರಿದ್ದಾರೆ ಯಜಮಾನಿ" ಎಂದಳು ಫ್ರೇಮಮ್ಮ, ಸ್ಕ್ರೂ ತಿರುಗಿಸುತ್ತ, ಸುಮ್ಮನೆ ಚೇಷ್ಟೆಗೆ. "ನೀವಿದ್ರೆ ನಾಚಿಕೆ."

ಮೀಸೆ ಮಾಮ ಕಿಸಕ್ಕೆಂದ. ಮರಿ ಯಜಮಾನಿಗೆ ನಗು ಬರಲಿಲ್ಲ, ಹಾಳಾದ ಬಾಯಿ ಎಂದು ಮನಸ್ಸಿನಲ್ಲೇ ಶಪಿಸಿದಳು.

ಹತ್ತೂ ಹತ್ತಕ್ಕೆ ಫೋನು ಹೊಡೆದುಕೊಂಡಿತು. ಅವಳು ಕುರ್ಚಿಯಿಂದೇಳುವಷ್ಟರಲ್ಲಿ ಚಿಕ್ಕಮ್ಮ ಎತ್ತಿಯಾಗಿತ್ತು. "ಹಲೋ... ಹಾಂ... ಕಪ್ಪು ಫ್ರೇಮಾ, ಕಂದು ಬಣ್ಣದ್ದಾ?" ಅಂಗಡಿಯವನು. ಉಸಿರು ಬಂತು. ಹತ್ತೂವರೆಗೆ ಇನ್ನೊಂದು, ಯಾರೋ ಬೇರೆ ನಂಬರಿಗೆ ಮಾಡಿದ್ದರು. ಹತ್ತೂ ಮುಕ್ಕಾಲಿಗೆ ಮತ್ತೆ. ಪ್ರತಿ ಸಲವೂ ಅವಳು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ಗುರುತು ಹಾಕಲು ಕೈಗೆತ್ತಿಕೊಂಡ ಗಾಜಿನ ಕಡೆ ಗಮನವೇ ಇಲ್ಲ. ಅದನ್ನು ಮೀಸೆ ಮಾಮನ ಮುಂದಿಟ್ಟರೆ ಅವನು ನೋಡಿ, ಹುಬ್ಬೇರಿಸಿ, ಸದ್ದಿಲ್ಲದೆ ವಾಪಸ್ಸು ತಳ್ಳಿದ. ಎಡಗಣ್ಣಿನದನ್ನು ಬಲಕ್ಕೆ ಗುರುತು ಹಾಕಿದ್ದಳು.

"ಮೈ ಹುಷಾರಿದೆ ತಾನೆ ಮಗಾ?" ಎಂದು ಮೆಲ್ಲಗೆ ಕೇಳಿದ.

"ಹಲ್ಲು ನೋವು ಮಾಮ."

"ಈ ಹಲ್ಲಿನ ಕಾಟ ಮುಗಿಯೋದೇ ಇಲ್ವೇನೆ!" ಎಂದು ಅತ್ತ ಕಡೆಯಿಂದ ಚಿಕ್ಕಮ್ಮ ಕೂಗಿದಳು.

ಹನ್ನೊಂದಾಯಿತು. ಹನ್ನೊಂದೂ ಕಾಲು. ಕರೆ ಬರದಿದ್ದರೆ ಸೀಟಿಲ್ಲ; ಬಂದರೆ ಎತ್ತುವವಳು ಚಿಕ್ಕಮ್ಮ. ನಿಜ ಹೇಳಿಬಿಡಲೇ ಎಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಚಿಕ್ಕಮ್ಮ ಮಂಡಿ ಒತ್ತಿಕೊಂಡು ಮುಖ ಕಿವುಚಿದಳು. ಇವಳು ಮತ್ತೆ ಚೀಟಿಗಳತ್ತ ತಿರುಗಿದಳು. ಹನ್ನೊಂದೂ ಇಪ್ಪತ್ತಕ್ಕೆ ಚಿಕ್ಕಮ್ಮ ಗೋಡೆ ಹಿಡಿದು ಎದ್ದು, ಓಣಿಯ ಕೊನೆಯಲ್ಲಿದ್ದ ಬಚ್ಚಲ ಕಡೆ ಕುಂಟುತ್ತ ಹೋದಳು. ಮರಿ ಯಜಮಾನಿ ಎರಡೇ ಹೆಜ್ಜೆಗೆ ಫೋನಿನ ಹತ್ತಿರ ಬಂದು ನಿಂತಳು. ಹೊಡ್ಕೊ, ಈಗ ಹೊಡ್ಕೊ.

ಹೊಡೆದುಕೊಂಡಿತು.

ಆ ಕಡೆ ಒಬ್ಬ ಹೆಂಗಸು, ಕಾಲೇಜಿನ ಹೆಸರು ಹೇಳಿ, "ಯಜಮಾನರು ಇದ್ದಾರಾ?" ಎಂದಳು.

"ನಾನೇ ಮಾತಾಡ್ತಿರೋದು."

ಫ್ರೇಮಮ್ಮನ ಸ್ಕ್ರೂಡ್ರೈವರು ನಿಂತಿತು. ಮೀಸೆ ಮಾಮ ಯಂತ್ರ ಆರಿಸಿದ.

ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ? ಹನ್ನೊಂದು. ಅವಳಲ್ಲಿ ನಿಮಗೆ ಕಂಡ ಒಂದು ಕೊರತೆ ಹೇಳಿ. ಇದನ್ನು ಅವಳು ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳಿದಳು. "ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳಲ್ಲ ಅವಳು. ಎದುರಿನೋರು ಏನಂತಾರೋ ಅಂತ ತಾನೇ ತೀರ್ಮಾನ ಮಾಡ್ಕೊಂಡು ಸುಮ್ಮನಾಗ್ಬಿಡ್ತಾಳೆ."

ಆ ಕಡೆ ಬರೆದುಕೊಳ್ಳುವ ಸದ್ದು. "ಕೊನೇ ಪ್ರಶ್ನೆ. ಎರಡು ವರ್ಷ ಅವರು ಇರಲ್ಲ. ನಿಮ್ಮದು ಸಣ್ಣ ಕಾರ್ಖಾನೆ. ನೀವು ಮನಸಾರೆ ಒಪ್ಪಿ ಕಳಿಸ್ತಿದ್ದೀರಾ?"

ಹೂಂ ಎಂದರೆ ಮುಗಿಯಿತು. ಒಂದು ಹೂಂ. ಅವಳಿಗೆ ಅದು ಬರಲಿಲ್ಲ. ಬೇರೆ ಎಲ್ಲವನ್ನೂ ಚಿಕ್ಕಮ್ಮನ ಗಂಟಲಿನಲ್ಲಿ ಹೇಳಿದವಳಿಗೆ ಇದೊಂದನ್ನು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. "ಹಲೋ? ಲೈನಲ್ಲಿದ್ದೀರಾ?" ಎಂದು ಆ ಕಡೆಯ ಹೆಂಗಸು ಎರಡು ಸಲ ಕೇಳಿದಳು. ಅಷ್ಟರಲ್ಲಿ ಹಿಂದಿನಿಂದ ಒದ್ದೆ ಕೈಯೊಂದು ಬಂದು ರಿಸೀವರನ್ನು ಕಿತ್ತುಕೊಂಡಿತು. ಚಿಕ್ಕಮ್ಮ ಬಾಗಿಲಲ್ಲಿ ಯಾವಾಗ ಬಂದು ನಿಂತಿದ್ದಳೋ, ಎಷ್ಟು ಕೇಳಿಸಿಕೊಂಡಿದ್ದಳೋ.

"ನೋಡಮ್ಮ, ಇಷ್ಟೊತ್ತು ಮಾತಾಡಿದ್ದು ಆ ಹುಡುಗೀನೇ. ಯಜಮಾನಿ ನಾನು. ಅವಳ ಚಿಕ್ಕಮ್ಮ. ಎಲ್ಲಿಂದ ನೀವು? ... ಕಾಲೇಜಾ? ... ಶಿಫಾರಸು ಪತ್ರಾನಾ? ನಾನು ಬರೆದಿಲ್ಲ. ಏನಿದೆ ಅದರಲ್ಲಿ, ಒಂಚೂರು ಓದಿ."

ಆ ಕಡೆಯವಳು ಓದಿರಬೇಕು. ನಾಲ್ಕು ಸಾಲಿಗೆ ಎಷ್ಟು ಹೊತ್ತು!

"ಅಷ್ಟೇನಾ?" ಎಂದಳು ಚಿಕ್ಕಮ್ಮ. "ಸರಿ, ನಾನು ಹೇಳೋದು ಬರ್ಕೊಳಿ. ದೊಡ್ಡ ಕಂಪನಿ ಬಂದು ನಮ್ಮ ಹೊಟ್ಟೆ ಮೇಲೆ ಹೊಡೆದಾಗ ಈ ಜಾಗ ಮುಚ್ಚೋಣ ಅಂತ ನಾನು ಕೂತಿದ್ದೆ. ಮುಚ್ಚಕ್ಕೆ ಬಿಡದೇ ಇದ್ದೋಳು ಇವಳು. ಆಸ್ಪತ್ರೆಯೋರು ಆಚೆ ತಳ್ಳಿದ್ರೂ ಮಾರನೇ ದಿನ ಮತ್ತೆ ಹೋಗ್ತಿದ್ಲು. ಅದನ್ನ ಬರೆದಿಲ್ವಲ್ಲ ಅವಳು, ದಡ್ಡಿ. ಇನ್ನೂ ಒಂದು ಬರ್ಕೊಳಿ. ಇವತ್ತು ನನ್ನ ಗಂಟಲಲ್ಲಿ ಸುಳ್ಳು ಹೇಳಿದ್ಲು. ಎರಡೂ ಬರ್ಕೊಳಿ, ಒಂದನ್ನ ಬಿಟ್ಟು ಒಂದಲ್ಲ." ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. "ಹೂಂ... ಹೂಂ... ಮುಂದಿನ ವರ್ಷ ಹಾಕಬಹುದಾ? ... ಸರಿ. ನೀವು ಮಾಡೋದು ನ್ಯಾಯವಾಗೇ ಇದೆ." ಫೋನಿಟ್ಟಳು.

ಸೀಟು ಹೋಯಿತು.

"ಎರಡು ನಿಮಿಷ!" ಮರಿ ಯಜಮಾನಿ ಕಿರುಚಿದಳು. ತಪ್ಪು ತನ್ನದೆಂದು ಗೊತ್ತಿದ್ದವರ ಕೋಪವಿದೆಯಲ್ಲ, ಅದಕ್ಕೆ ಲಗಾಮಿರುವುದಿಲ್ಲ. "ಎರಡು ನಿಮಿಷ ಸುಮ್ಮನಿದ್ದಿದ್ರೆ ಆಗಿಹೋಗ್ತಿತ್ತು! ನಿನಗೇನು ಸಿಕ್ತು ಇದರಿಂದ?"

"ನಿನ್ನ ಗಾಜು ನೀನೇ ಉಜ್ಜಿ, ನೀನೇ ನೋಡಿ, ನನ್ನ ಗುರುತು ಹಾಕಿದೀಯಲ್ಲೇ!" ಚಿಕ್ಕಮ್ಮನ ದನಿಯೂ ಏರಿತು. "ಈ ಕೋಣೇಲಿ ಬೆಳೆದೋಳು ನೀನು! ಬಂದು ಕೇಳಕ್ಕೆ ಏನಾಗಿತ್ತು ನಿನಗೆ ರೋಗ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ! ಖಂಡಿತ ಅಂತಿದ್ದೆ. ಮುಖ ಊದಿಸ್ಕೊತಿದ್ದೆ, ಊಟ ಬಿಡ್ತಿದ್ದೆ, ನಿಮ್ಮಮ್ಮನ್ನ ನೆನೆಸ್ಕೊಂಡು ಅಳ್ತಿದ್ದೆ. ಆಮೇಲೆ ಒಪ್ತಿದ್ದೆ. ಬೇಡ ಅನ್ನೋದಕ್ಕೂ ಬಿಡಲಿಲ್ವಲ್ಲೇ ನನ್ನ. ಅಷ್ಟೂ ಹಕ್ಕಿಲ್ವಾ ನನಗೆ?"

ಚಿಕ್ಕಮ್ಮ ಅಳುವುದನ್ನು ಮರಿ ಯಜಮಾನಿ ನೋಡಿದ್ದು ಬದುಕಿನಲ್ಲಿ ಒಂದೇ ಸಲ, ಒಂಬತ್ತು ವರ್ಷದವಳಿದ್ದಾಗ. ಈಗ ಇನ್ನೊಮ್ಮೆ ನೋಡುತ್ತಿದ್ದಳು. ಮೀಸೆ ಮಾಮ ಯಂತ್ರ ಹಾಕಿದ, ಗಾಜಿಡುವುದನ್ನೇ ಮರೆತು. ಫ್ರೇಮಮ್ಮ ಆಗಷ್ಟೇ ಕೂರಿಸಿದ ಸ್ಕ್ರೂವನ್ನೇ ಮತ್ತೆ ಬಿಚ್ಚಿದಳು.

ಊಟದ ಹೊತ್ತು ಯಾರೂ ಡಬ್ಬಿ ಬಿಚ್ಚಲಿಲ್ಲ. ನಾಲ್ಕು ಗಂಟೆಗೆ ಚಿಕ್ಕಮ್ಮ ಇವಳ ಮುಖ ನೋಡದೆ, "ಸಂಜೆ ಕಾಲೇಜಿಗೆ ಹೋಗು. ಐದಕ್ಕೆ ಮುಚ್ತಾರೆ" ಎಂದಳು. ಅವಳು ಅರ್ಜಿಯ ಕಾಗದ ಹಿಡಿದು ಹೊರಟಳು.

ಬಸ್ಸು ಹತ್ತದೆ ನಡೆದೇ ಹೋದಳು. ಹೋಗುತ್ತ ತನಗೆ ತಾನೇ ಹೇಳಿಕೊಂಡಳು: ಇದೇ ಸರಿ. ದೂರದ್ದು ಕೈತಪ್ಪಿತು. ಇಲ್ಲಿ ಸೇರಿದರೆ ಚಿಕ್ಕಮ್ಮನಿಗೂ ಸಮಾಧಾನ, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೂ ಆಯಿತು. ಸೋಫಾ ಅಂಗಡಿಯ ಮೆಟ್ಟಿಲು ಹತ್ತಿ ಸರದಿಯಲ್ಲಿ ನಿಂತಳು. ಮುಂದೆ ಮೂವರಿದ್ದರು, ಇಬ್ಬರಾದರು, ಒಬ್ಬರಾದರು. ಗುಮಾಸ್ತೆ ಕೈ ಚಾಚಿ, "ಕೊಡಿ" ಎಂದಳು. ಮತ್ತೆ ಅದೇ ಆಗುತ್ತಿದೆಯಲ್ಲ ಎಂದು ಆಗ ಹೊಳೆಯಿತು ಅವಳಿಗೆ. ಚಿಕ್ಕಮ್ಮನ ಪರವಾಗಿ ತಾನೇ ತೀರ್ಮಾನ ಮಾಡುತ್ತಿದ್ದಳು, ಬಾಯಿ ಮುಚ್ಚಿಕೊಂಡು. ಬೆಳಿಗ್ಗೆ ಹೋಗಲಿಕ್ಕೆ, ಈಗ ಉಳಿಯಲಿಕ್ಕೆ.

"ನನಗೆ ಸೀಟು ಬೇಡ. ಬೇರೆಯೋರಿಗೆ ಕೊಡಿ" ಎಂದಳು.

ಐದೂವರೆಗೆ ಕಾರ್ಖಾನೆಗೆ ಬಂದಾಗ ಮೂವರೂ ಇದ್ದರು. ಅವಳು ಸೀದಾ ಚಿಕ್ಕಮ್ಮನ ಸ್ಟೂಲಿನ ಮುಂದೆ ಹೋಗಿ ನಿಂತಳು.

"ಸಂಜೆ ಕಾಲೇಜು ಬೇಡ ಅಂದ್ಬಂದೆ. ಮುಂದಿನ ವರ್ಷ ಅಲ್ಲಿಗೇ ಹಾಕ್ತೀನಿ, ಆ ದೂರದ್ದಕ್ಕೇ. ನನಗೆ ಅಲ್ಲಿ ಓದ್ಬೇಕು ಚಿಕ್ಕಮ್ಮ. ತುಂಬಾ ಆಸೆ ಇದೆ. ನಿನ್ನ ಬಿಟ್ಟಿರಕ್ಕೆ ಭಯಾನೂ ಇದೆ. ಪತ್ರ ನೀನು ಬರೆದ್ರೆ ಹೋಗ್ತೀನಿ. ಬರೆಯಲ್ಲ ಅಂದ್ರೆ ಇನ್ನೊಂದು ವರ್ಷ ಕೇಳ್ತೀನಿ, ಕೇಳ್ತಾನೇ ಇರ್ತೀನಿ. ಈಗ ಬೇಡ ಅನ್ನು. ಎಷ್ಟು ಬೇಕೋ ಅಷ್ಟು ಅನ್ನು. ಕೇಳಿಸ್ಕೊತೀನಿ."

"ಬೇಡ" ಎಂದಳು ಚಿಕ್ಕಮ್ಮ.

ಮರಿ ಯಜಮಾನಿ ತಲೆಯಾಡಿಸಿದಳು.

"ಬೇಡ. ನನಗೆ ವಯಸ್ಸಾಯ್ತು. ಬೇಡ." ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದಳು. ಮಂಡಿಯನ್ನು ಎರಡು ಸಲ ನೀವಿಕೊಂಡಳು. ಆಮೇಲೆ, ತಿರುಗದೆಯೇ, ಅಂಗಡಿಯವರನ್ನು ಗದರಿಸುವ ಅದೇ ಗಂಟಲಿನಲ್ಲಿ ಫ್ರೇಮಮ್ಮನನ್ನು ಕೂಗಿದಳು.

"ಏ ಫ್ರೇಮಮ್ಮ! ನಾಳೆಯಿಂದ ಬೆಳಿಗ್ಗೆ ಎರಡು ಗಂಟೆ ಇವಳ ಮೇಜಿನ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಕೊ. ಆರ್ಡರು ಬರ್ಕೊಳೋದು, ಆಸ್ಪತ್ರೆಯೋರ ಹತ್ರ ಮಾತಾಡೋದು, ಎಲ್ಲಾ ಕಲಿ. ಮುಂದಿನ ವರ್ಷ ಇವಳು ಇರಲ್ಲ."

"ನಾನಾ?" ಎಂದಳು ಫ್ರೇಮಮ್ಮ.

"ನೀನೇ. ಬಾಯಿ ಇದೆಯಲ್ಲ, ಉಪಯೋಗಕ್ಕೆ ಬರ್ಲಿ."

ಮೀಸೆ ಮಾಮ ಗಟ್ಟಿಯಾಗಿ ನಕ್ಕ. ಫ್ರೇಮಮ್ಮ ನಾಳೆಯವರೆಗೂ ಕಾಯಲಿಲ್ಲ, ಆಗಲೇ ತನ್ನ ಕುರ್ಚಿಯನ್ನು ಕರಕರ ಎಳೆದುಕೊಂಡು ಬಂದು ಮೇಜಿನ ಪಕ್ಕಕ್ಕೆ ಹಾಕಿದಳು. ಹನ್ನೊಂದು ವರ್ಷದಿಂದ ಆ ಮೇಜಿಗೆ ಒಂದೇ ಕುರ್ಚಿಯಿತ್ತು. ಬೇಕೆಂದು ಹಂಬಲಿಸಿದ್ದೇ ಸಿಕ್ಕಿದ್ದರೂ ಆ ಎರಡನೇ ಕುರ್ಚಿಯನ್ನು ನೋಡಿ ಮರಿ ಯಜಮಾನಿಗೆ ಅಳು ಒತ್ತರಿಸಿ ಬಂತು. ಆರ್ಡರ್ ಪುಸ್ತಕ ತೆಗೆದು ಫ್ರೇಮಮ್ಮನ ಮುಂದೆ ಸರಿಸಿ, ಮೊದಲ ಪುಟದ ಮೇಲೆ ಬೆರಳಿಟ್ಟು, ಮೂಗೊರೆಸಿಕೊಂಡು, "ಇಲ್ಲಿ ನೋಡು, ಮೊದಲು ಬಲಗಣ್ಣು ಬರೀಬೇಕು" ಎಂದಳು.